ಬೆರಳು ಬಡಿಯಿರಿ, ನಡೆದು ತೋರಿಸಿ

ನರರೋಗ ತಜ್ಞರ ಪರೀಕ್ಷೆ ಶುರುವಾಗುವುದು ರೋಗಿ ಎದುರು ಬಂದು ಕೂತ ಮೇಲಲ್ಲ, ಹೊರಗೆ ಅವರ ಹೆಸರು ಕೂಗಿದಾಗಲೇ. ಬೆಂಚಿನಿಂದ ಏಳಲು ಎಷ್ಟು ಹೊತ್ತು ಹಿಡಿಯಿತು? ಒಂದೇ ಸಲಕ್ಕೆ ಎದ್ದರೋ, ಎರಡು ಸಲ ಹಿಂದಕ್ಕೆ ಕುಸಿದು ಮೂರನೆಯದಕ್ಕೆ ಎದ್ದರೋ? ಬಾಗಿಲ ಬಳಿ ಬಂದಾಗ ಪಾದ ನೆಲಕ್ಕೆ ಅಂಟಿಕೊಂಡಿತೇ? ನಡೆಯುವಾಗ ಎರಡೂ ಕೈ ಬೀಸುತ್ತಿದ್ದವೇ, ಒಂದು ಮಾತ್ರವೇ? ತಿರುಗಿ ಕುರ್ಚಿಗೆ ಕೂರಲು ಎಷ್ಟು ಹೆಜ್ಜೆ ಬೇಕಾದವು? ರೋಗಿ ತನ್ನ ತೊಂದರೆ ಹೇಳಲು ಬಾಯಿ ತೆರೆಯುವ ಮೊದಲೇ ಅನುಭವಿ ವೈದ್ಯರ ಮನಸ್ಸಿನಲ್ಲಿ ಅರ್ಧ ಕಥೆ ಮೂಡಿರುತ್ತದೆ.

ನರಕೋಶಗಳು ವರ್ಷಗಟ್ಟಲೆ ಸದ್ದಿಲ್ಲದೆ ಸವೆಯುತ್ತ ಹೋಗುವ ಕಾಯಿಲೆಗಳ ವಿಷಯದಲ್ಲಿ ಈ ನೋಟಕ್ಕೆ ಇಂದಿಗೂ ಸಾಟಿಯಿಲ್ಲ. ಹೊಟ್ಟೆಯನ್ನು ಅದುಮಿ ನೋಡಬಹುದು, ಎದೆಗೆ ಕಿವಿಗೊಡಬಹುದು. ಮಿದುಳು ತಲೆಬುರುಡೆಯೊಳಗೆ ಮುಚ್ಚಿಕೊಂಡಿದೆ. ಬೆನ್ನುಹುರಿ ಮೂಳೆಯ ಕೊಳವೆಯೊಳಗಿದೆ. ಅವು ತಮ್ಮ ಸ್ಥಿತಿಯನ್ನು ಹೊರಗೆ ತಿಳಿಸುವ ಮುಖ್ಯ ದಾರಿ ಚಲನೆ. ಹಾಗಾಗಿ ಚಲನೆಯನ್ನೇ ಪ್ರಶ್ನೆ ಕೇಳಬೇಕು. ಬೆರಳು ಬಡಿಯಿರಿ, ನಾಲಿಗೆ ಚಾಚಿ ಹಿಡಿಯಿರಿ, ಹಿಮ್ಮಡಿಗೆ ಬೆರಳು ತಾಗುವಂತೆ ಗೆರೆಯ ಮೇಲೆ ನಡೆಯಿರಿ ಎಂಬ ಸರಳ ಅಪ್ಪಣೆಗಳೆಲ್ಲ ಹಾಗೆ ಹುಟ್ಟಿದ ಪ್ರಶ್ನೆಗಳು. ನೋಡುವವರಿಗೆ ಅವು ಮಕ್ಕಳಾಟದಂತೆ ಕಾಣುತ್ತವೆ. ಆದರೆ ಒಂದೊಂದೂ ಮಿದುಳಿನ ನಿರ್ದಿಷ್ಟ ಜಾಲಗಳನ್ನು ಕೆಣಕುವಂತೆ ತಲೆಮಾರುಗಳ ಕಾಲ ತಿದ್ದಿ ತೀಡಿದ ಸಾಧನ.

ಈ ಕಸುಬಿನ ದೊಡ್ಡ ಪಾಠವೊಂದು ಹುಟ್ಟಿದ್ದು ಲಂಡನ್ನಿನ ಬೀದಿಯಲ್ಲಿ. ಹಾಕ್ಸ್‌ಟನ್ ಎಂಬಲ್ಲಿ ವೈದ್ಯರಾಗಿದ್ದ ಜೇಮ್ಸ್ ಪಾರ್ಕಿನ್‌ಸನ್ 1817ರಲ್ಲಿ ನಡುಕದ ಕಾಯಿಲೆಯ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದರು. ಅದರಲ್ಲಿ ಇದ್ದದ್ದು ಕೇವಲ ಆರು ಜನರ ವಿವರ. ಆ ಆರರಲ್ಲಿ ಕೆಲವರು ಅವರ ರೋಗಿಗಳೇ ಅಲ್ಲ, ದಾರಿಯಲ್ಲಿ ಸಿಕ್ಕವರು. ಒಬ್ಬನನ್ನಂತೂ ದೂರದಿಂದ ಕಂಡದ್ದಷ್ಟೇ. ಆದರೂ ಬಾಗಿದ ಮೈ, ಕೆಲಸವಿಲ್ಲದೆ ಸುಮ್ಮನಿದ್ದಾಗಲೂ ನಡುಗುವ ಕೈ, ನಡಿಗೆ ತಾನಾಗಿ ಓಟಕ್ಕೆ ತಿರುಗುವ ಪರಿ, ಇವೆಲ್ಲ ಒಂದೇ ಕಾಯಿಲೆಯ ಮುಖಗಳೆಂದು ಅವರು ಕಂಡುಕೊಂಡರು. ಅವರ ಮುಂಚೆಯೂ ಎಷ್ಟೋ ವೈದ್ಯರು ಇಂಥ ಮುದುಕರನ್ನು ಕಂಡಿದ್ದರು. ಬೇರೆಬೇರೆಯಾಗಿ ಕಂಡದ್ದನ್ನು ಕೂಡಿಸಿ ನೋಡಿದ್ದು ಪಾರ್ಕಿನ್‌ಸನ್ ಅವರ ಹೆಚ್ಚುಗಾರಿಕೆ.

ಆ ಕಾಯಿಲೆಗೆ ಅವರ ಹೆಸರಿಟ್ಟವರು ಪ್ಯಾರಿಸ್ಸಿನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯ ಝಾನ್ ಮಾರ್ಟಿನ್ ಶಾರ್ಕೋ. ಸಾವಿರಾರು ಬಡ ಹೆಂಗಸರು ಕೊನೆಯವರೆಗೂ ಉಳಿಯುತ್ತಿದ್ದ ಆ ಆಸ್ಪತ್ರೆಯಲ್ಲಿ ಒಬ್ಬರನ್ನೇ ವರ್ಷಗಟ್ಟಲೆ ನೋಡುವ ಅವಕಾಶ ಅವರಿಗಿತ್ತು. ಪಾರ್ಕಿನ್‌ಸನ್ ರೋಗಿಗಳಲ್ಲಿ ಬಲ ಕುಂದಿರುವುದಿಲ್ಲ, ಕೆಲಸ ಆರಂಭಿಸುವುದು ಮತ್ತು ಮುಗಿಸುವುದು ನಿಧಾನವಾಗಿರುತ್ತದೆ ಎಂಬ ಸೂಕ್ಷ್ಮವನ್ನು ಅವರು ಒತ್ತಿ ಹೇಳಿದರು. ನಿಧಾನ ಬೇರೆ, ನಿಶ್ಶಕ್ತಿ ಬೇರೆ. ಇಡೀ ಕಸುಬು ಈ ಒಂದು ಗೆರೆಯ ಮೇಲೆ ನಿಂತಿದೆ ಎಂದರೂ ಸಲ್ಲುತ್ತದೆ. ತಲೆಯ ನಡುಕ ತಲೆಯದೇ ಹೌದೋ, ಮೈ ನಡುಗುವುದರಿಂದ ಬಂದದ್ದೋ ಎಂದು ತಿಳಿಯಲು ಶಾರ್ಕೋ ರೋಗಿಗಳ ತಲೆಗೆ ಉದ್ದನೆಯ ಗರಿ ಸಿಕ್ಕಿಸಿದ ಟೋಪಿ ಹಾಕಿಸುತ್ತಿದ್ದರು. ಕಣ್ಣಿಗೆ ಸಿಗದಷ್ಟು ಚಿಕ್ಕ ಅದುರು ಗರಿಯ ತುದಿಯಲ್ಲಿ ದೊಡ್ಡದಾಗಿ ಕಾಣುತ್ತಿತ್ತು. ಸಾಧನವೆಂದರೆ ಒಂದು ಗರಿ. ಇಷ್ಟು ಸರಳ, ಇಷ್ಟು ಜಾಣ ಉಪಾಯ ಇನ್ನೊಂದು ನನಗೆ ಗೊತ್ತಿಲ್ಲ.

ಇಂದಿನ ವೈದ್ಯರು ಪಾರ್ಕಿನ್‌ಸನ್ ಕಾಯಿಲೆಯ ಶಂಕೆಯಿದ್ದಾಗ ಹೇಳುವ ಮೊದಲ ಮಾತು ಬಹುಮಟ್ಟಿಗೆ ಇದು: “ಯಜಮಾನ್ರೇ, ಹೆಬ್ಬೆರಳಿಗೆ ತೋರುಬೆರಳು ಬಡಿಯಿರಿ. ಆದಷ್ಟು ಅಗಲ ಬಿಡಿಸಿ, ಆದಷ್ಟು ಬೇಗ. ಸಾಕು ಅನ್ನುವವರೆಗೂ ನಿಲ್ಲಿಸಬೇಡಿ.” ಎಷ್ಟು ವೇಗ ಎಂಬುದು ಇಲ್ಲಿ ಮುಖ್ಯವಲ್ಲ. ವಯಸ್ಸಾದವರೆಲ್ಲ ಸ್ವಲ್ಪ ನಿಧಾನವೇ. ವೈದ್ಯರ ಕಣ್ಣು ಹುಡುಕುವುದು ಕುಗ್ಗುವಿಕೆಯನ್ನು. ಮೊದಲ ಮೂರು ನಾಲ್ಕು ಬಡಿತ ಅಗಲವಾಗಿರುತ್ತವೆ. ಆಮೇಲೆ ಬೆರಳುಗಳ ನಡುವಿನ ಅಂತರ ಕಿರಿದಾಗುತ್ತ ಬರುತ್ತದೆ. ಹತ್ತು ಹದಿನೈದಾಗುವಷ್ಟರಲ್ಲಿ ಬೆರಳು ಅಲ್ಲಲ್ಲೇ ಅದುರುತ್ತ ನಿಂತುಬಿಡಬಹುದು, ನಡುವೆ ಒಂದು ಕ್ಷಣ ತಡೆದು ಮತ್ತೆ ಹೊರಡಬಹುದು. ಕೈಬರಹದಲ್ಲೂ ಇದೇ ನಡೆಯುತ್ತದೆ. ಸಾಲಿನ ಆರಂಭದಲ್ಲಿ ಅಕ್ಷರ ಸರಿಯಾಗಿರುತ್ತದೆ, ಕೊನೆಗೆ ಬರುವಾಗ ಸಾಸಿವೆಯಷ್ಟಾಗಿರುತ್ತದೆ. ಬ್ಯಾಂಕಿನಲ್ಲಿ ಸಹಿ ಹೊಂದುತ್ತಿಲ್ಲ ಎಂದು ಚೆಕ್ ವಾಪಸು ಬಂದದ್ದೇ ಕಾಯಿಲೆಯ ಮೊದಲ ಸುಳಿವಾಗುವುದೂ ಉಂಟು.

ಅದೇ ಬೆರಳ ಬಡಿತ ಬೇರೆ ಕಾಯಿಲೆಗಳಲ್ಲಿ ಬೇರೆ ಥರ ಕಾಣುತ್ತದೆ ಎಂಬುದು ಈ ಪರೀಕ್ಷೆಯ ಸೊಗಸು. ಲಕ್ವ ಹೊಡೆದು ಬಲಗುಂದಿದ ಕೈ ನಿಧಾನವಾಗಿ ಬಡಿಯುತ್ತದೆ, ಆದರೆ ಹೀಗೆ ಹಂತಹಂತವಾಗಿ ಕಿರಿದಾಗುವುದಿಲ್ಲ. ಕಿರುಮಿದುಳು ಕೆಟ್ಟವರ ಬಡಿತಕ್ಕೆ ಲಯವೇ ಇರುವುದಿಲ್ಲ. ಒಂದು ದೊಡ್ಡದು, ಒಂದು ಚಿಕ್ಕದು, ಒಂದು ಗುರಿ ತಪ್ಪಿದ್ದು. ಪಾರ್ಕಿನ್‌ಸನ್ನಿನ ಹಾಗೇ ತೋರುವ, ಆದರೆ ಬೇಗ ಹದಗೆಡುವ ಪಿಎಸ್‌ಪಿ ಎಂಬ ಇನ್ನೊಂದು ಕಾಯಿಲೆಯಲ್ಲಿ ಬಡಿತ ಮೊದಲಿನಿಂದಲೇ ಚಿಕ್ಕದಾಗಿದ್ದು ಕೊನೆಯವರೆಗೂ ಅಷ್ಟೇ ಇರುವುದುಂಟು. ಹತ್ತು ಸೆಕೆಂಡಿನ ಒಂದು ಕೆಲಸದೊಳಗೆ ನಾಲ್ಕು ಕಾಯಿಲೆಗಳು ಬೇರ್ಪಡುತ್ತವೆ. ನೋಡುವವರಿಗೆ ಏನು ನೋಡಬೇಕೆಂದು ಗೊತ್ತಿರಬೇಕು, ಅಷ್ಟೇ.

ಈ ಕುಗ್ಗುವಿಕೆ ಯಾಕೆ? ಮಿದುಳಿನ ಆಳದಲ್ಲಿ ಬೇಸಲ್ ಗ್ಯಾಂಗ್ಲಿಯಾ ಎಂಬ ನರಕೋಶಗಳ ಗುಂಪುಗಳಿವೆ. ಅವನ್ನು ಕೆರೆಯ ತೂಬಿನಂತೆ ಎಣಿಸಿ. ಚಲನೆಯ ಅಪ್ಪಣೆಗಳು ಮಿದುಳಿನ ಹೊರಪದರದಲ್ಲಿ ಸದಾ ತುಂಬಿರುತ್ತವೆ, ತೂಬು ಮಾತ್ರ ಸಾಮಾನ್ಯವಾಗಿ ಮುಚ್ಚಿಯೇ ಇರುತ್ತದೆ. ಕೈ ಎತ್ತಬೇಕೆಂದಾಗ ಆ ಒಂದು ಚಲನೆಗೆ ಬೇಕಾದಷ್ಟು ಮಾತ್ರ ತೂಬು ತೆರೆದುಕೊಳ್ಳಬೇಕು, ಉಳಿದದ್ದು ಮುಚ್ಚಿಯೇ ಇರಬೇಕು. ಎಷ್ಟು ತೆರೆಯಬೇಕೆಂಬುದನ್ನು ಹದಗೊಳಿಸುವುದು ಡೋಪಮೈನ್ ಎಂಬ ರಾಸಾಯನಿಕ. ಅದು ಬರುವುದು ಮಿದುಳುಕಾಂಡದ ಮೇಲ್ತುದಿಯಲ್ಲಿರುವ, ಬರಿಗಣ್ಣಿಗೆ ಕಪ್ಪು ಪಟ್ಟಿಯಂತೆ ಕಾಣುವ ಸಬ್‌ಸ್ಟಾನ್ಷಿಯಾ ನೈಗ್ರಾದಿಂದ. ಪಾರ್ಕಿನ್‌ಸನ್ ಕಾಯಿಲೆಯಲ್ಲಿ ಈ ಪಟ್ಟಿ ಮಸುಕಾಗುತ್ತದೆ ಎಂದು 1919ರಲ್ಲಿ ಕಾನ್‌ಸ್ಟಾಂಟಿನ್ ಟ್ರೆಟ್ಯಾಕಾಫ್ ತೋರಿಸಿಕೊಟ್ಟರು. ಡೋಪಮೈನ್ ಕಡಿಮೆಯಾದರೆ ತೂಬು ಬಿಗಿಯುತ್ತದೆ. ಬಲವಿದೆ, ಅಪ್ಪಣೆಯಿದೆ, ಆದರೆ ಹರಿವು ಇಲ್ಲ. ನಾವು ಗಮನವಿಲ್ಲದೆ ಮಾಡುವ ಕೈಬೀಸು, ಕಣ್ಣು ಮಿಟುಕಿಸುವುದು, ಮುಖದ ಭಾವ, ಎಂಜಲು ನುಂಗುವುದು, ಇವೇ ಮೊದಲು ಬತ್ತುತ್ತವೆ.

ಗಮನವಿಟ್ಟು ಮಾಡುವ ಕೆಲಸಕ್ಕೆ ಮಿದುಳು ಬೇರೆ ದಾರಿ ಹಿಡಿಯಬಲ್ಲದು. ಸಮತಟ್ಟಾದ ಬರಿ ನೆಲದಲ್ಲಿ ಪಾದ ಕೀಳಲಾಗದೆ ನಿಂತುಬಿಟ್ಟ ರೋಗಿ, ನೆಲದ ಮೇಲೆ ಅಡ್ಡಡ್ಡ ಗೆರೆ ಎಳೆದರೆ ಒಂದೊಂದೇ ಗೆರೆ ದಾಟುತ್ತ ಸಲೀಸಾಗಿ ನಡೆಯುತ್ತಾರೆ. ಮೆಟ್ಟಿಲು ಹತ್ತಬಲ್ಲವರು ಹೊಸ್ತಿಲ ಮುಂದೆ ನಿಂತು ಬೆವರುತ್ತಾರೆ. ಇದನ್ನು ಕಂಡ ಮನೆಯವರು ಎಷ್ಟೋ ಸಲ “ಬೇಕೆಂದೇ ಹೀಗೆ ಮಾಡ್ತಾರೆ” ಎಂದು ನೊಂದುಕೊಳ್ಳುತ್ತಾರೆ. ಯಾವ ಮನೆಯಲ್ಲಿ ಈ ಕಾಯಿಲೆಯಿದೆಯೋ ಅಲ್ಲಿ ಈ ಒಂದು ಸಂಗತಿಯನ್ನು ಮೊದಲು ತಿಳಿಸಿ ಹೇಳಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಇದು ಹಟವಲ್ಲ, ಸೋಗಲ್ಲ. ಎರಡು ದಾರಿಗಳಲ್ಲಿ ಒಂದು ಮುಚ್ಚಿದೆ, ಇನ್ನೊಂದು ಇನ್ನೂ ತೆರೆದಿದೆ.

ನಡುಕದ ಪರೀಕ್ಷೆಯಲ್ಲೂ ಇಂಥದೇ ಜಾಣ್ಮೆಯಿದೆ. ಪಾರ್ಕಿನ್‌ಸನ್ ನಡುಕ ಕೈ ತೊಡೆಯ ಮೇಲೆ ಸುಮ್ಮನೆ ಒರಗಿದಾಗ ಬರುತ್ತದೆ, ಸೆಕೆಂಡಿಗೆ ನಾಲ್ಕರಿಂದ ಆರು ಸಲ. ಬಹಳ ಸಲ ಮೊದಲು ಒಂದೇ ಕೈಯಲ್ಲಿ. ಲೋಟ ಎತ್ತಿದ ಕೂಡಲೇ ತಗ್ಗುತ್ತದೆ. ಅದಕ್ಕಿಂತ ಎಷ್ಟೋ ಹೆಚ್ಚು ಜನರಿಗೆ ಇರುವ, ಮನೆತನದಲ್ಲಿ ಹರಿದು ಬರುವ ಇನ್ನೊಂದು ನಡುಕ ಇದಕ್ಕೆ ತದ್ವಿರುದ್ಧ. ಕೈ ಸುಮ್ಮನಿದ್ದಾಗ ಇರುವುದಿಲ್ಲ, ಕಾಫಿ ಲೋಟ ತುಟಿಗೆ ತರುವಾಗ ಚೆಲ್ಲಿಸುತ್ತದೆ. ಪಾರ್ಕಿನ್‌ಸನ್ ಬಂತೇನೋ ಎಂದು ಹೆದರಿ ಬರುವವರಲ್ಲಿ ಅನೇಕರದು ಈ ಎರಡನೆಯದು. ಕಾಗದದ ಮೇಲೆ ಸುರುಳಿ ಬರೆಸಿದರೆ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. ಪಾರ್ಕಿನ್‌ಸನ್ ಸುರುಳಿ ಚಿಕ್ಕದು, ಒತ್ತೊತ್ತಾದದ್ದು. ಇನ್ನೊಂದು ದೊಡ್ಡದು, ಅಂಚೆಲ್ಲ ಅಂಕುಡೊಂಕು. ನಡುಕ ಬಚ್ಚಿಟ್ಟುಕೊಂಡಿದ್ದರೆ ವೈದ್ಯರು ನೂರರಿಂದ ಏಳೇಳು ಕಳೆಯುತ್ತ ಎಣಿಸಲು ಹೇಳುತ್ತಾರೆ. ಮನಸ್ಸು ಲೆಕ್ಕದಲ್ಲಿ ಮುಳುಗಿದೊಡನೆ ಕೈ ತನ್ನಷ್ಟಕ್ಕೆ ನಡುಗತೊಡಗುತ್ತದೆ. ಬಿಗಿತಕ್ಕೂ ಹೀಗೇ. ಒಂದು ಕೈಯ ಮಣಿಕಟ್ಟನ್ನು ಮೆಲ್ಲಗೆ ತಿರುಗಿಸುತ್ತ ಇನ್ನೊಂದು ಕೈ ಮುಷ್ಟಿ ಬಿಚ್ಚಿ ಮುಚ್ಚಲು ಹೇಳಿದರೆ ಅಡಗಿದ್ದ ಬಿಗಿತ ವೈದ್ಯರ ಬೆರಳಿಗೆ ಸಿಗುತ್ತದೆ.

ಸಮತೋಲದ ಪರೀಕ್ಷೆಯಲ್ಲಿ ವೈದ್ಯರು ರೋಗಿಯ ಹಿಂದೆ ನಿಂತು ಭುಜ ಹಿಡಿದು ತಟ್ಟನೆ ಹಿಂದಕ್ಕೆ ಎಳೆಯುತ್ತಾರೆ. ಮೊದಲೇ ಹೇಳಿರುತ್ತಾರೆ, ತಮ್ಮ ಬೆನ್ನಿಗೆ ಗೋಡೆ ಇರುವಂತೆ ನೋಡಿಕೊಂಡಿರುತ್ತಾರೆ, ಹಿಡಿಯಲು ಸಿದ್ಧರಾಗಿರುತ್ತಾರೆ. ಒಂದೆರಡು ಹೆಜ್ಜೆ ಹಿಂದಿಟ್ಟು ಸಾವರಿಸಿಕೊಂಡರೆ ಸರಿ. ಕಾಯಿಲೆಯ ಮೊದಲ ವರ್ಷದಲ್ಲೇ ಯಾರಾದರೂ ಹೀಗೆ ಹಿಂದಕ್ಕೆ ನೇರ ಬಿದ್ದರೆ ಅನುಭವಿ ವೈದ್ಯರು ಪಾರ್ಕಿನ್‌ಸನ್ ಎಂದು ಬರೆಯುವ ಮುನ್ನ ಪೆನ್ನು ಕೆಳಗಿಟ್ಟು ಕಣ್ಣು ನೋಡುತ್ತಾರೆ. “ಮೇಲೆ ನೋಡಿ, ಈಗ ಕೆಳಗೆ ನೋಡಿ.” ಕಣ್ಣು ಕೆಳಕ್ಕೆ ಇಳಿಯಲು ತಡವರಿಸಿದರೆ ಅದು ಪಿಎಸ್‌ಪಿ ಇರಬಹುದು. ಟೊರಾಂಟೋದ ರಿಚರ್ಡ್‌ಸನ್, ಸ್ಟೀಲ್ ಮತ್ತು ಒಲ್ಶೆವ್‌ಸ್ಕಿ ಅರವತ್ತರ ದಶಕದ ಆರಂಭದಲ್ಲಿ ಇದನ್ನು ಬೇರೆ ಕಾಯಿಲೆಯೆಂದು ಗುರುತಿಸಿದರು. ತಟ್ಟೆ ಕಾಣದೆ ಊಟ ಮೈಮೇಲೆ ಚೆಲ್ಲಿಕೊಳ್ಳುವ, ಮೆಟ್ಟಿಲು ಇಳಿಯಲು ಹೆದರುವ ರೋಗಿಗೆ ಕನ್ನಡಕ ಬದಲಿಸಿ ಬದಲಿಸಿ ಸೋತ ಮನೆಯವರಿಗೆ ಉತ್ತರ ಸಿಗುವುದು ಈ ಒಂದು ಪರೀಕ್ಷೆಯಿಂದ.

ಪಾರ್ಕಿನ್‌ಸನ್ ಕಾಯಿಲೆಯಲ್ಲಿ ಔಷಧವೂ ಒಂದು ಪರೀಕ್ಷೆಯೇ. 1957ರಲ್ಲಿ ಸ್ವೀಡನ್ನಿನ ಅರ್ವಿದ್ ಕಾರ್ಲ್‌ಸನ್ ಔಷಧ ಕೊಟ್ಟು ನಿಶ್ಚಲಗೊಳಿಸಿದ್ದ ಪ್ರಾಣಿಗಳಿಗೆ, ಮಿದುಳಿನಲ್ಲಿ ಡೋಪಮೈನ್ ಆಗಿ ಮಾರ್ಪಡುವ ಡೋಪಾ ಕೊಟ್ಟು ಮತ್ತೆ ಓಡಾಡುವಂತೆ ಮಾಡಿದರು. ಈ ದಾರಿಯ ಸಂಶೋಧನೆಗಾಗಿ 2000ದಲ್ಲಿ ಅವರಿಗೆ ನೊಬೆಲ್ ಬಂತು. 1960ರಲ್ಲಿ ವಿಯೆನ್ನಾದಲ್ಲಿ ಹಾರ್ನಿಕೀವಿಚ್ ಮತ್ತು ಎರಿಂಗರ್ ಪಾರ್ಕಿನ್‌ಸನ್ ರೋಗಿಗಳ ಮಿದುಳಿನಲ್ಲಿ ಡೋಪಮೈನ್ ಬತ್ತಿಹೋಗಿರುವುದನ್ನು ಅಳೆದು ತೋರಿಸಿದರು. 1967ರಲ್ಲಿ ಜಾರ್ಜ್ ಕೊಟ್ಜಿಯಸ್ ಡೋಪಾವನ್ನು ತುಸುತುಸುವೇ ಏರಿಸುತ್ತ ಬಾಯಿಂದ ಕೊಡುವ ಕ್ರಮ ಕಂಡುಕೊಂಡರು. ನಮ್ಮ ಬೇಲಿಗಳಲ್ಲಿ ಹಬ್ಬುವ, ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿಯ ಬೀಜದಲ್ಲಿ ಇದೇ ಡೋಪಾ, ಅಂದರೆ ಲೀವೋಡೋಪಾ, ಇದೆಯೆಂದು ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು 1937ರಲ್ಲೇ ಬರೆದಿದ್ದರು. ಆಯುರ್ವೇದದಲ್ಲಿ ಕಂಪವಾತಕ್ಕೆ ಅದರ ಬಳಕೆಯೂ ಇದೆ. ಬೀಜದಿಂದ ಬೀಜಕ್ಕೆ ಪ್ರಮಾಣ ಬದಲಾಗುವುದರಿಂದ ಮಾತ್ರೆ ಬಿಟ್ಟು ಬೀಜ ಹಿಡಿಯುವುದು ಅಪಾಯ. ಲೀವೋಡೋಪಾ ಸಾಕಷ್ಟು ಪ್ರಮಾಣದಲ್ಲಿ ಕೊಟ್ಟಾಗ ಬೆರಳ ಬಡಿತ ಮತ್ತೆ ಅಗಲವಾದರೆ ರೋಗನಿದಾನಕ್ಕೆ ಬಲವಾದ ಸಾಕ್ಷಿ ಸಿಕ್ಕಂತೆ. ನರಕೋಶಗಳ ಸವೆತ ಇದರಿಂದ ನಿಲ್ಲುವುದಿಲ್ಲ. ಆದರೆ ಸ್ವತಃ ಗುಂಡಿ ಹಾಕಿಕೊಂಡು, ಸ್ವತಃ ಅನ್ನ ಕಲಸಿ ಉಣ್ಣುವ ಕೆಲವು ಒಳ್ಳೆಯ ವರ್ಷಗಳು ಸಿಗುತ್ತವೆ. ಅದು ಚಿಕ್ಕ ಗೆಲುವಲ್ಲ.

ಹಂಟಿಂಗ್ಟನ್ ಕಾಯಿಲೆಯಲ್ಲಿ ತೂಬು ಮುಚ್ಚಲು ಬಾರದು. ಬೇಡದ ಚಲನೆಗಳು ಸೋರಿ, ಕೈಕಾಲು ಕುಣಿಯುತ್ತವೆ. ನಾಲಿಗೆ ಚಾಚಿ ಹಿಡಿಯಲು ಹೇಳಿದರೆ ಕೆಲವೇ ಸೆಕೆಂಡಿನಲ್ಲಿ ಒಳಗೆ ಸೇರಿಕೊಳ್ಳುತ್ತದೆ. ವೈದ್ಯರ ಬೆರಳು ಹಿಸುಕಲು ಹೇಳಿದರೆ ಹಿಡಿತ ಬಿಗಿದು ಸಡಿಲಿ ಬಿಗಿದು ಸಡಿಲುತ್ತದೆ. ಹಾಲು ಕರೆಯುವವರ ಹಿಡಿತ ಎಂದೇ ಅದಕ್ಕೆ ಹೆಸರು. ಈ ಕಾಯಿಲೆಯನ್ನು 1872ರಲ್ಲಿ ವಿವರಿಸಿದ ಜಾರ್ಜ್ ಹಂಟಿಂಗ್ಟನ್ನರಿಗೆ ಆಗ ಇಪ್ಪತ್ತೆರಡು ವರ್ಷ. ಆದರೆ ಅವರ ನೋಟಕ್ಕೆ ಮೂರು ತಲೆಮಾರಿನ ವಯಸ್ಸು. ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡಿನಲ್ಲಿ ವೈದ್ಯರಾಗಿದ್ದ ತಂದೆ ಮತ್ತು ಅಜ್ಜ ಅದೇ ಕುಟುಂಬಗಳನ್ನು ಕಂಡಿದ್ದರಿಂದಲೇ ಕಾಯಿಲೆ ತಂದೆತಾಯಿಯಿಂದ ಮಕ್ಕಳಿಗೆ ಹೇಗೆ ಇಳಿಯುತ್ತದೆ ಎಂದು ಅವರು ಹೇಳಬಲ್ಲವರಾದರು. ಅದಕ್ಕೆ ಕಾರಣವಾದ ಜೀನ್ ಸಿಕ್ಕಿದ್ದು 1993ರಲ್ಲಿ.

ಇನ್ನು ಸುತ್ತಿಗೆ. ಮಂಡಿಚಿಪ್ಪಿನ ಕೆಳಗೆ ತಟ್ಟಿದರೆ ಕಾಲು ತಾನಾಗಿ ಚಿಮ್ಮುವ ರಿಫ್ಲೆಕ್ಸ್ ಅನ್ನು ರೋಗಪರೀಕ್ಷೆಯಾಗಿ 1875ರಲ್ಲಿ ಜರ್ಮನಿಯ ಎರ್ಬ್ ಮತ್ತು ವೆಸ್ಟ್‌ಫಾಲ್ ಬೇರೆಬೇರೆಯಾಗಿ ಪ್ರಕಟಿಸಿದರು. ಪಾದದಡಿ ಗೀರಿದಾಗ ಹೆಬ್ಬೆರಳು ಮೇಲೇಳುವುದರ ಅರ್ಥವನ್ನು 1896ರಲ್ಲಿ ಝೋಸೆಫ್ ಬಾಬಿನ್‌ಸ್ಕಿ ಒಂದು ಪುಟ್ಟ ಟಿಪ್ಪಣಿಯಲ್ಲಿ ತಿಳಿಸಿದರು. ಇವೆರಡೂ ಮೋಟಾರ್ ನ್ಯೂರಾನ್ ಕಾಯಿಲೆಯಲ್ಲಿ ತಮ್ಮ ಪೂರ್ತಿ ಬೆಲೆ ತೋರುತ್ತವೆ. ಸ್ನಾಯುವಿಗೆ ಅಪ್ಪಣೆ ತಲುಪುವುದು ಎರಡು ನರಕೋಶಗಳ ಮೂಲಕ. ಒಂದು ಮಿದುಳಿನಿಂದ ಬೆನ್ನುಹುರಿಗೆ, ಇನ್ನೊಂದು ಬೆನ್ನುಹುರಿಯಿಂದ ಸ್ನಾಯುವಿಗೆ. ಕೆಳಗಿನದು ಸತ್ತರೆ ಮಾಂಸಖಂಡ ಸೊರಗುತ್ತದೆ, ಚರ್ಮದಡಿ ಪಟಪಟ ಮಿಡಿಯುತ್ತದೆ, ರಿಫ್ಲೆಕ್ಸ್ ಮಾಯವಾಗುತ್ತದೆ. ಮೇಲಿನದು ಸತ್ತರೆ ಕೈಕಾಲು ಸೆಡೆಯುತ್ತವೆ, ಸುತ್ತಿಗೆ ತಾಗುವ ಮೊದಲೇ ಎಂಬಂತೆ ರಿಫ್ಲೆಕ್ಸ್ ಚಿಮ್ಮುತ್ತದೆ, ಪಾದ ಗೀರಿದರೆ ಹೆಬ್ಬೆರಳು ಮೇಲೇಳುತ್ತದೆ. ಈಗ ಒಂದು ಕೈಯನ್ನು ಎಣಿಸಿಕೊಳ್ಳಿ. ಹೆಬ್ಬೆರಳ ಬುಡದ ಮಾಂಸ ಕರಗಿ ಹಳ್ಳ ಬಿದ್ದಿದೆ. ಇಷ್ಟು ಸೊರಗಿದ ಕೈಯಲ್ಲಿ ರಿಫ್ಲೆಕ್ಸ್ ಇರಲೇಬಾರದು. ಆದರೆ ಸುತ್ತಿಗೆ ತಟ್ಟಿದಾಗ ಅದು ಜೋರಾಗಿ ಎಗರುತ್ತದೆ. ಎರಡೂ ನರಕೋಶಗಳು ಒಂದೇ ಕೈಯಲ್ಲಿ ಸಾಯುತ್ತಿವೆ ಎಂಬುದಕ್ಕೆ ಇಷ್ಟು ನೇರವಾದ ಸಾಕ್ಷಿ ಬೇರೆಯಿಲ್ಲ. 1869ರಿಂದ ಶಾರ್ಕೋ ಜೀವಂತ ರೋಗಿಯಲ್ಲಿ ಕಂಡದ್ದನ್ನು ಮರಣೋತ್ತರ ಬೆನ್ನುಹುರಿಯೊಂದಿಗೆ ಹೋಲಿಸಿ ಕಟ್ಟಿದ ಎಎಲ್‌ಎಸ್ ಎಂಬ ರೋಗಚಿತ್ರದ ಹೃದಯ ಇದೇ.

ಈ ಪರೀಕ್ಷೆಗೆ ಅವಸರ ಆಗದು. ಅಂಗಿ ಬಿಚ್ಚಿಸಿ, ಒಳ್ಳೆಯ ಬೆಳಕಿನಲ್ಲಿ ಭುಜ, ಬೆನ್ನು, ತೊಡೆಗಳನ್ನು ನಿಮಿಷಗಟ್ಟಲೆ ಸುಮ್ಮನೆ ನೋಡುತ್ತ ಕೂರಬೇಕು. ನಾಲಿಗೆಯನ್ನು ಅದು ಬಾಯಿಯೊಳಗೆ ವಿಶ್ರಾಂತಿಯಲ್ಲಿರುವಾಗಲೇ ನೋಡಬೇಕು, ಚಾಚಿದರೆ ಯಾರ ನಾಲಿಗೆಯೂ ಅದುರುತ್ತದೆ. ಮೀನಖಂಡದ ಮಿಡಿತವೊಂದೇ ಇದ್ದರೆ ಅದಕ್ಕೆ ಅರ್ಥವಿಲ್ಲ, ಆರೋಗ್ಯವಂತರಲ್ಲೂ ಇರುತ್ತದೆ. ಇಲ್ಲಿ ತಪ್ಪಿದರೆ ಒಬ್ಬರ ಬದುಕಿನ ಮೇಲೆ ಮರಣದ ತೀರ್ಪು ಬರೆದಂತೆ.

ಬೆಂಗಳೂರಿನ ನಿಮ್ಹಾನ್ಸ್ ಈ ವಿಷಯದಲ್ಲಿ ಜಗತ್ತಿಗೆ ಒಂದು ಪಾಠ ಕೊಟ್ಟಿದೆ. ಹದಿಹರೆಯ ದಾಟುತ್ತಿರುವ ಹುಡುಗರಲ್ಲಿ ಒಂದೇ ಕೈ ಅಥವಾ ಒಂದೇ ಕಾಲು ಮೆಲ್ಲಮೆಲ್ಲಗೆ ಸೊರಗುವ ಸ್ಥಿತಿಯನ್ನು ಡಾ. ಎಂ. ಗೌರಿದೇವಿ ಮತ್ತು ಸಂಗಡಿಗರು 1984ರಲ್ಲಿ ವಿವರಿಸಿ ಮೋನೋಮೆಲಿಕ್ ಅಮಯೋಟ್ರಫಿ ಎಂದು ಹೆಸರಿಟ್ಟರು. ಕೈಯ ಇಂಥದೇ ಸ್ಥಿತಿಯನ್ನು ಜಪಾನಿನ ಹಿರಾಯಾಮ 1959ರಲ್ಲೇ ವರದಿ ಮಾಡಿದ್ದರು. ಕೆಲವು ವರ್ಷ ಬೆಳೆದು ಇದು ಸಾಮಾನ್ಯವಾಗಿ ತಾನಾಗಿ ನಿಂತುಬಿಡುತ್ತದೆ. ಸೊರಗಿದ ಅಂಗೈ ಮೇಲ್ನೋಟಕ್ಕೆ ಎಎಲ್‌ಎಸ್‌ನಲ್ಲೂ ಇದರಲ್ಲೂ ಹತ್ತಿರಹತ್ತಿರ ಒಂದೇ. ಒಬ್ಬರಿಗೆ ಕೆಲವೇ ವರ್ಷಗಳ ಆಯುಸ್ಸು, ಇನ್ನೊಬ್ಬರು ಓದು ಮುಗಿಸಿ, ಕೆಲಸಕ್ಕೆ ಸೇರಿ, ಮೊಮ್ಮಕ್ಕಳನ್ನು ಎತ್ತಿ ಆಡಿಸಬಲ್ಲವರು. ಅವರನ್ನು ಬೇರ್ಪಡಿಸುವ ಕೆಲಸ ಸುತ್ತಿಗೆಯಿಂದ ಶುರುವಾಗುತ್ತದೆ. ಉಳಿದ ಮೂರು ಕೈಕಾಲು ಸರಿಯಾಗಿವೆಯೇ, ಪಾದದ ಹೆಬ್ಬೆರಳು ಕೆಳಗೇ ಬಾಗುತ್ತದೆಯೇ, ನಾಲಿಗೆ ಸ್ವಸ್ಥವಾಗಿದೆಯೇ? ಆಮೇಲೆ ಸ್ನಾಯುವಿನ ವಿದ್ಯುತ್ ಪರೀಕ್ಷೆ, ಕುತ್ತಿಗೆ ಬಗ್ಗಿಸಿ ತೆಗೆದ ಎಂಆರ್‌ಐ, ಎಲ್ಲಕ್ಕಿಂತ ಹೆಚ್ಚಾಗಿ ಕಾಲ.

ಈ ಕಣ್ಣಿಗೂ ಮಿತಿಯುಂಟು, ಅದನ್ನು ಅಳೆದವರೂ ಇದೇ ಕಸುಬಿನವರು. ಪಾರ್ಕಿನ್‌ಸನ್ ಎಂದು ವೈದ್ಯರು ಬದುಕಿದ್ದಾಗ ಹೇಳಿದ್ದ ನೂರು ಜನರ ಮಿದುಳುಗಳನ್ನು ಲಂಡನ್ನಿನ ಮಿದುಳು ಭಂಡಾರದಲ್ಲಿ ಪರೀಕ್ಷಿಸಿದಾಗ 76ರಲ್ಲಿ ಮಾತ್ರ ಅದು ನಿಜವಾಗಿತ್ತು ಎಂದು ಆಂಡ್ರೂ ಲೀಸ್ ಮತ್ತು ಜೊತೆಗಾರರು 1992ರಲ್ಲಿ ಪ್ರಕಟಿಸಿದರು. ಎಲ್ಲಿ ತಪ್ಪಿತು ಎಂದು ನೋಡಿ, ತಿದ್ದಿಕೊಂಡು, 2001ರ ಇನ್ನೊಂದು ನೂರರಲ್ಲಿ ಅದು 90ಕ್ಕೆ ಏರಿತ್ತು. ನಿಮ್ಹಾನ್ಸ್‌ನಲ್ಲೂ ಅಂಥ ಮಿದುಳು ಭಂಡಾರವಿದೆ. ತೀರಿಹೋದ ಹಿರಿಯರ ಮಿದುಳನ್ನು ಅಲ್ಲಿಗೆ ಕೊಟ್ಟ ಕುಟುಂಬಗಳು ಮುಂದಿನ ರೋಗಿಯನ್ನು ನೋಡುವ ಕಣ್ಣನ್ನು ಹರಿತಗೊಳಿಸಿವೆ. ಅವರ ಉಪಕಾರ ದೊಡ್ಡದು.

ಆಸ್ಪತ್ರೆಗೆ ಹೋಗುವವರಿಗೆ ತಜ್ಞರು ಹೇಳುವ ಎರಡು ಮಾತುಗಳಿವೆ. ಮೊದಲನೆಯದು, ಒಬ್ಬರೇ ಹೋಗಬೇಡಿ. ಮೂಗಿಗೆ ವಾಸನೆ ಹತ್ತದಿರುವುದು, ಮಲಬದ್ಧತೆ, ಕನಸಿನಲ್ಲಿ ಕೂಗಾಡಿ ಕೈಕಾಲು ಬಡಿಯುವುದು, ಇವು ನಡುಕಕ್ಕಿಂತ ವರ್ಷಗಳ ಮೊದಲೇ ಬಂದಿರಬಹುದು. ಕನಸಿನ ಹೊಡೆತ ತಿಂದ ಹೆಂಡತಿಗೆ ಅದು ನೆನಪಿರುತ್ತದೆ, ಹೊಡೆದ ಗಂಡನಿಗೆ ಗೊತ್ತೇ ಇರುವುದಿಲ್ಲ. ಎರಡನೆಯದು, ಮನೆಯಲ್ಲಿ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಹೋಗಿ. ವೈದ್ಯರ ಎದುರು ರೋಗಿ ಮೈಯೆಲ್ಲ ಎಚ್ಚರವಾಗಿ ನೆಟ್ಟಗೆ ನಡೆದುಬಿಡುತ್ತಾರೆ, ಅಡುಗೆಮನೆಯ ಹೊಸ್ತಿಲಲ್ಲಿ ಸಿಕ್ಕಿಕೊಂಡ ಕಾಲು ಅಲ್ಲಿ ತೋರುವುದೇ ಇಲ್ಲ. ಇಡೀ ಮೈ ಕಾಣುವಂತೆ, ಪಾದ ಕತ್ತರಿಸದಂತೆ, ಮಾತ್ರೆ ನುಂಗುವ ಮೊದಲು ಒಂದು, ನುಂಗಿ ಒಂದು ಗಂಟೆಯ ನಂತರ ಒಂದು. ಸಮಯ ಬರೆದಿಟ್ಟುಕೊಳ್ಳಿ. ಮಾತ್ರೆಯ ಪ್ರಮಾಣ ಹೆಚ್ಚಿಸಬೇಕೋ, ಹೊತ್ತು ಬದಲಿಸಬೇಕೋ ಎಂದು ತೀರ್ಮಾನಿಸಲು ವೈದ್ಯರಿಗೆ ಆ ಎರಡು ತುಣುಕುಗಳು ಬೇಕು.